ಹಳೆಯ ಕಾರುಗಳ ವೈಪರ್ ಸ್ವಿಚ್ಚು ಮತ್ತು ಅದರ ದುರಸ್ತಿ

ಕಾರಿನ ಮುಂಗಾಜನ್ನು ಒರೆಸುವ ವೈಪರ್‌ನ ಮೋಟಾರಿಗೆ ಕರೆಂಟ್ ಕೊಡುವ, ನಿಲ್ಲಿಸುವ, ಅದರ ವೇಗ ಬದಲಿಸುವ ಸಾಧನವೇ ವೈಪರ್ ಸ್ವಿಚ್ಚು. ಹಳೆಯ ಕಾರುಗಳಲ್ಲಿ ಇದು ಡ್ಯಾಶ್‌ಬೋರ್ಡಿನ ಮೇಲೆ ಎಳೆಯುವ ಅಥವಾ ತಿರುಗಿಸುವ ನಾಬ್ ಆಗಿಯೋ, ಮೇಲೆ ಕೆಳಗೆ ಒತ್ತುವ ಪುಟ್ಟ ಸನ್ನೆಯಾಗಿಯೋ ಇರುತ್ತಿತ್ತು. ಬರಬರುತ್ತ ಸ್ಟೀರಿಂಗ್ ಕಂಬದ ಪಕ್ಕದ ಕಡ್ಡಿಯಾಯಿತು. ಇದು ಕೆಟ್ಟಿತೆಂದರೆ ಗ್ಯಾರೇಜಿನಲ್ಲಿ ಸಿಗುವ ಮಾಮೂಲಿ ಪರಿಹಾರ, ಕಿತ್ತು ಬೇರೆಯದನ್ನು ಹಾಕುವುದು. ಹೊಸದೂ ಒಂದೆರಡು ಮಳೆಗಾಲದಲ್ಲಿ ಕೈಕೊಟ್ಟರೆ ‘ಈಗಿನ ಮಾಲೇ ಹೀಗೆ’ ಎಂಬ ಮಾತು ಸಿದ್ಧವಾಗಿರುತ್ತದೆ. ಆ ದೂರಿನಲ್ಲಿ ಸ್ವಲ್ಪ ನಿಜವಿದೆ, ಪೂರ್ತಿ ನಿಜವಿಲ್ಲ. ಹಳೆಯ ಕಾರಿನಲ್ಲಿ ವೈಪರ್ ಸ್ವಿಚ್ಚು ತಾನಾಗಿ ಕೆಡುವುದು ಕಡಿಮೆ. ಬೇರೆ ಕಡೆಯ ತೊಂದರೆಯ ಹೊರೆ ಹೊತ್ತು ಅದು ಸುಟ್ಟುಹೋಗುತ್ತದೆ, ಇಲ್ಲವೇ ಬೇರೆ ಕಡೆಯ ತಪ್ಪಿಗೆ ಬೈಸಿಕೊಳ್ಳುತ್ತದೆ. ಆದ್ದರಿಂದ ಅದರ ದುರಸ್ತಿ ಮೋಟಾರು, ತೋಳು, ಅರ್ಥಿಂಗ್‌ಗಳಿಂದ ಶುರುವಾಗಬೇಕು, ಸ್ವಿಚ್ಚನ್ನು ಬಿಚ್ಚುವುದು ಕೊನೆಗೆ. ಈ ವಾದವನ್ನು ಪರೀಕ್ಷಿಸಲು ಬೆಂಗಳೂರಿನ ಹೊರವಲಯಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪೀಣ್ಯದಲ್ಲಿ ಇಂಥ ಸ್ವಿಚ್ಚಿನ ಬಿಡಿಭಾಗಗಳನ್ನು ಮಾಡಬಲ್ಲ ಕೈಗಳಿವೆ; ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಸ್ವಿಚ್ಚಿನ ಮೂಲಕ ಮೋಟಾರಿನ ಕರೆಂಟ್ ಹರಿಯುವ ಅಗತ್ಯವೇ ಇಲ್ಲದ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ.

ವೈಪರ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಅದರ ತೋಳು ಮತ್ತು ರಬ್ಬರಿನ ಚರಿತ್ರೆಯಾಗಿ ಹೇಳುವುದು ವಾಡಿಕೆ. ಸ್ವಿಚ್ಚಿನ ಕಡೆಯಿಂದ ನೋಡಿದರೆ ಕಥೆ ಬೇರೆ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದ ವೈಪರ್‌ಗೆ ಸ್ವಿಚ್ಚಿರಲಿಲ್ಲ. ಗಾಡಿಯ ಒಳಗಿನಿಂದ ಕೈಯಲ್ಲಿ ಎಳೆಯುವ ಸನ್ನೆ ಇತ್ತು. ಆಮೇಲೆ ಬಂದ ನಿರ್ವಾತ ವೈಪರ್‌ಗಳು ಎಂಜಿನ್ ಗಾಳಿ ಹೀರುವ ಬಲದಿಂದ ಓಡುತ್ತಿದ್ದವು. ಅಲ್ಲಿ ಸ್ವಿಚ್ಚಿನ ಜಾಗದಲ್ಲಿದ್ದುದು ಗಾಳಿಯ ಒಂದು ವಾಲ್ವ್. ಏರು ಹತ್ತಲು ಆಕ್ಸಿಲರೇಟರ್ ಒತ್ತಿದರೆ ಹೀರುವ ಬಲ ಕುಗ್ಗಿ, ಬೇಕಾದ ಹೊತ್ತಿನಲ್ಲೇ ವೈಪರ್ ತೂಕಡಿಸುತ್ತಿತ್ತು. ಜರ್ಮನಿಯ ಬಾಷ್ 1926ರಲ್ಲಿ ವಿದ್ಯುತ್ ವೈಪರನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ ವೈಪರ್ ರೂಢಿಗೆ ಬಂದಂತೆ ಮೋಟಾರಿನ ಪೂರ್ತಿ ಕರೆಂಟ್ ಚಾಲಕನ ಬೆರಳಿನ ಕೆಳಗಿನ ಸ್ವಿಚ್ಚಿನ ಮೂಲಕವೇ ಹರಿಯತೊಡಗಿತು. ಎರಡು ವೇಗದ ಮೋಟಾರುಗಳು ಬಂದಾಗ ಸ್ವಿಚ್ಚಿನ ಕೆಲಸ ಇನ್ನಷ್ಟು ಹೆಚ್ಚಿತು. ಅಮೆರಿಕದ ರಾಬರ್ಟ್ ಕರ್ನ್ಸ್ ಬಿಟ್ಟು ಬಿಟ್ಟು ಒರೆಸುವ ವೈಪರ್‌ಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ರೂಪಿಸಿ 1967ರಲ್ಲಿ ಪೇಟೆಂಟ್ ಪಡೆದರು. ಅದಕ್ಕಾಗಿ ಫೋರ್ಡ್ ಮತ್ತು ಕ್ರೈಸ್ಲರ್ ಮೇಲೆ ಅವರು ಹೂಡಿದ ವ್ಯಾಜ್ಯ 1990ರ ದಶಕದವರೆಗೂ ಎಳೆಯಿತು. ವ್ಯಾಜ್ಯದ ಕಥೆ ಸಿನಿಮಾ ಆಗುವಷ್ಟು ಪ್ರಸಿದ್ಧವಾಯಿತು. ಅದರ ಮರೆಯಲ್ಲಿ ಕಾಣದೆ ಹೋದ ಸಂಗತಿ ಎಂದರೆ, ಯಾವಾಗ ಒರೆಸಬೇಕೆಂದು ತೀರ್ಮಾನಿಸುವ ಜಾಗ ಮತ್ತು ಕರೆಂಟ್ ಹರಿಯುವ ಜಾಗ ಅಲ್ಲಿಂದ ಬೇರೆಬೇರೆಯಾಗತೊಡಗಿದವು. ನಮ್ಮಲ್ಲಿ ಉಳಿದಿರುವ ಹಳೆಯ ಕಾರುಗಳಲ್ಲಿ ಹೆಚ್ಚಿನವು ಅದಕ್ಕೆ ಮುಂಚಿನ ಪದ್ಧತಿಯವು, ಹೊರೆಯೆಲ್ಲ ಸ್ವಿಚ್ಚಿನ ಮೇಲೇ ಇದ್ದಂಥವು.

ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್‌ಗೆ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂಲ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಟ್ರಯಂಫ್ ಹೆರಾಲ್ಡ್ ಮೂಲ. ಮುಂಬೈನ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100ರ ಸಂತತಿ. ಬ್ರಿಟನ್ನಿನ ಲೂಕಾಸ್ ಕಂಪನಿ ಟಿವಿಎಸ್ ಜೊತೆ ಸೇರಿ 1961ರಲ್ಲಿ ಮದರಾಸಿನಲ್ಲಿ ಲೂಕಾಸ್-ಟಿವಿಎಸ್ ಸ್ಥಾಪಿಸಿದ ಮೇಲೆ ಸ್ಟಾರ್ಟರ್, ಡೈನಮೊ, ವೈಪರ್ ಮೋಟಾರುಗಳು ಇಲ್ಲೇ ತಯಾರಾದವು. ಹೀಗೆ ದಕ್ಷಿಣದ ಆಟೊ ಎಲೆಕ್ಟ್ರಿಷಿಯನ್‌ಗಳು ಕಲಿತ ವಿದ್ಯೆಗೆ ಬಹುಮಟ್ಟಿಗೆ ಲೂಕಾಸ್ ಪದ್ಧತಿಯೇ ಬುನಾದಿ. ಬ್ರಿಟಿಷರು ತಮ್ಮ ಕಾರುಗಳ ವೈರಿಂಗ್‌ಗೆ ಬೇಸತ್ತು ಲೂಕಾಸ್‌ಗೆ ‘ಕತ್ತಲೆಯ ರಾಜಕುಮಾರ’ ಎಂದು ಅಡ್ಡಹೆಸರಿಟ್ಟರು. ತಮಾಷೆ ಚೆನ್ನಾಗಿದೆ, ಆದರೆ ನ್ಯಾಯವಾಗಿಲ್ಲ. ಆ ಕಾರುಗಳ ‘ಲೂಕಾಸ್ ತೊಂದರೆ’ಗಳಲ್ಲಿ ಎಷ್ಟೋ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು, ಸಡಿಲವಾದ ಬುಲೆಟ್ ಕನೆಕ್ಟರುಗಳದ್ದು, ಹತ್ತಾರು ವರ್ಷ ಯಾರೂ ಬಿಚ್ಚಿ ಒರೆಸದ ಜಾಗಗಳವು. ವೈಪರ್ ಸ್ವಿಚ್ಚಿನ ವಿಷಯದಲ್ಲೂ ನಡೆಯುವುದು ಇದೇ ಎಡವಟ್ಟು: ಕೈಗೆ ಸಿಗುವ ಭಾಗದ ಮೇಲೆ ಅಪವಾದ, ಕಣ್ಣಿಗೆ ಬೀಳದ ಭಾಗಕ್ಕೆ ರಿಯಾಯಿತಿ.

ಸ್ವಿಚ್ಚಿನ ಒಳಗೆ ಇರುವುದು ಬಹಳವೇನಲ್ಲ. ಬೇಕಲೈಟ್ ಅಥವಾ ಫೈಬರ್ ಹಲಗೆಯ ಮೇಲೆ ರಿವಿಟ್ ಮಾಡಿದ ಎರಡು ಮೂರು ಕಾಂಟ್ಯಾಕ್ಟ್‌ಗಳು, ಅವುಗಳ ಮೇಲೆ ಜಾರುವ ಹಿತ್ತಾಳೆಯ ತಗಡು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್, ‘ಟಕ್’ ಎಂದು ಸ್ಥಾನಕ್ಕೆ ಕೂರಿಸುವ ಒಂದು ಉಕ್ಕಿನ ಗುಂಡು. ಗೋಜಲು ಇರುವುದು ಹೊರಗೆ. ಸ್ವಿಚ್ ಆಫ್ ಮಾಡಿದಾಗ ಒರೆಸುವ ಕಡ್ಡಿಗಳು ಗಾಜಿನ ನಡುವೆ ನಿಲ್ಲದೆ ಬುಡಕ್ಕೆ ಬಂದು ಮಲಗಬೇಕು. ಅದಕ್ಕಾಗಿ ಮೋಟಾರಿನ ಗೇರ್‌ಪೆಟ್ಟಿಗೆಯೊಳಗೆ ಇನ್ನೊಂದು ಪುಟ್ಟ ಸ್ವಿಚ್ಚಿರುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಕರೆಂಟ್ ಕಡಿದ ಮೇಲೂ ಈ ಪಾರ್ಕಿಂಗ್ ಸ್ವಿಚ್ಚು ಕಡ್ಡಿ ಬುಡ ಮುಟ್ಟುವ ತನಕ ಮೋಟಾರನ್ನು ಓಡಿಸುತ್ತದೆ. ಹಾಗಾಗಿ ‘ಆಫ್ ಮಾಡಿದರೂ ನಿಲ್ಲುತ್ತಿಲ್ಲ’, ‘ಎಲ್ಲೆಂದರಲ್ಲಿ ನಿಲ್ಲುತ್ತದೆ’ ಎಂಬ ಎರಡು ದೂರುಗಳೂ ಹೆಚ್ಚಾಗಿ ಮೋಟಾರಿನ ಬಳಿಯ ದೂರುಗಳು. ಇನ್ನೊಂದು ವಿಚಿತ್ರವಿದೆ. ಹಳೆಯ ಲೂಕಾಸ್ ಮೋಟಾರುಗಳ ಪದ್ಧತಿಯಲ್ಲಿ ಸ್ವಿಚ್ಚು ಕರೆಂಟ್ ಬರುವ ದಾರಿಯಲ್ಲಿರುವುದಿಲ್ಲ, ಹಿಂದಿರುಗುವ ದಾರಿಯಲ್ಲಿರುತ್ತದೆ. ಕೀಲಿ ತಿರುಗಿಸಿದೊಡನೆ ಮೋಟಾರಿಗೆ ಕರೆಂಟ್ ಬಂದು ನಿಂತಿರುತ್ತದೆ; ಸ್ವಿಚ್ಚು ಅದಕ್ಕೆ ಅರ್ಥ್ ಕೊಡುತ್ತದೆ ಅಷ್ಟೆ. ಇಂಥ ಕಾರಿನಲ್ಲಿ ಸ್ವಿಚ್ಚಿನ ವೈರ್ ಎಲ್ಲಾದರೂ ಸಿಪ್ಪೆ ಸುಲಿದು ಬಾಡಿಗೆ ತಗುಲಿದರೆ ಫ್ಯೂಸ್ ಹೋಗುವುದಿಲ್ಲ, ಬಿಸಿಲಿನಲ್ಲೂ ವೈಪರ್ ತಾನೇ ಓಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದವರು ಇಂಥ ಕಾರಿನಲ್ಲಿ ಒಳ್ಳೆಯ ಸ್ವಿಚ್ಚನ್ನು ಎರಡು ಸಲ ಬದಲಿಸಿಯಾರು.

ಸ್ವಿಚ್ಚು ಬಲಿಪಶು ಎಂಬ ಮಾತಿಗೆ ಲೆಕ್ಕವೇ ಆಧಾರ. ಮೋಟಾರು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದು ಅದು ಎಷ್ಟು ಬಲ ಹಾಕಬೇಕೆಂಬುದರ ಮೇಲೆ ನಿಂತಿದೆ. ಒದ್ದೆ ಗಾಜಿನ ಮೇಲೆ, ಸಲೀಸಾದ ಕೀಲುಗಳೊಂದಿಗೆ ಓಡುವ ಹಳೆಯ 12 ವೋಲ್ಟ್ ಮೋಟಾರಿಗೆ ಎರಡು ಮೂರು ಆಂಪಿಯರ್ ಸಾಕು. ಕೀಲು ಬಿಗಿಯಾದರೆ ಅದು ಸುಲಭವಾಗಿ ನಾಲ್ಕು ಐದಕ್ಕೆ ಏರುತ್ತದೆ. ಕಡ್ಡಿ ಸಿಕ್ಕಿಕೊಂಡು ಮೋಟಾರು ನಿಂತೇಹೋದರೆ ಹತ್ತನ್ನೂ ದಾಟುತ್ತದೆ. ಸ್ವಿಚ್ಚಿನ ಕಾಂಟ್ಯಾಕ್ಟ್‌ನಲ್ಲಿ ಹುಟ್ಟುವ ಶಾಖವಾದರೋ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವಂಥದ್ದು: ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಶುಚಿಯಾದ ಕಾಂಟ್ಯಾಕ್ಟ್‌ನ ರೋಧ 0.01 ಓಮ್ ಎಂದುಕೊಂಡರೆ ನಾಲ್ಕು ಆಂಪಿಯರ್‌ಗೆ ಅಲ್ಲಿ ಹುಟ್ಟುವ ಶಾಖ 0.16 ವ್ಯಾಟ್, ಲೆಕ್ಕಕ್ಕಿಲ್ಲದಷ್ಟು. ಕಿಡಿ ಹಾರಿ, ಮಸಿ ಕಟ್ಟಿ ರೋಧ 0.5 ಓಮ್‌ಗೆ ಏರಿತೆನ್ನಿ: ಅದೇ ನಾಲ್ಕು ಆಂಪಿಯರ್‌ಗೆ 8 ವ್ಯಾಟ್ ಶಾಖ, ಜೊತೆಗೆ 2 ವೋಲ್ಟ್ ನಷ್ಟ. ಹೆಬ್ಬೆರಳ ಗಾತ್ರದ, ಗಾಳಿಯಾಡದ ಡಬ್ಬಿಯೊಳಗೆ 8 ವ್ಯಾಟ್ ಎಂದರೆ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳಲು ಸಾಕು. ಸ್ಪ್ರಿಂಗ್ ಸಡಿಲಾದರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ರೋಧ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ಕೆಡುಕು ತನ್ನಿಂದ ತಾನೇ ಬೆಳೆಯುತ್ತದೆ. ಫ್ಯೂಸ್ ಇದೆಯಲ್ಲ ಎಂದರೆ, ಹಳೆಯ ಬ್ರಿಟಿಷ್ ಪದ್ಧತಿಯ ಫ್ಯೂಸ್‌ಪೆಟ್ಟಿಗೆಯಲ್ಲಿರುವುದು ಹಲವು ಉಪಕರಣಗಳಿಗೆ ಸೇರಿ 35 ಆಂಪಿಯರ್‌ಗೆ ಕರಗುವ ಫ್ಯೂಸ್. ನಿಂತುಹೋದ ವೈಪರ್ ಮೋಟಾರು ಎಳೆಯುವ ಕರೆಂಟಿಗೆ ಅದು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಇನ್ನು ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿರುವ ಕಾರುಗಳ ಮಾತೇ ಬೇಡ. ಹೀಗಾಗಿ ಆ ದಾರಿಯಲ್ಲಿ ಮೊದಲು ಸುಡುವ ‘ಫ್ಯೂಸ್’ ವೈಪರ್ ಸ್ವಿಚ್ಚೇ.

ಹೊರೆ ಹೆಚ್ಚುವುದು ಯಾಕೆ? ಇಲ್ಲಿ ಬೆಂಗಳೂರಿನ ಹವೆಯ ಪಾತ್ರ ದೊಡ್ಡದು. ವರ್ಷಕ್ಕೆ ಸರಾಸರಿ ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ ಬೀಳುವ ಊರು ಇದು. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಬಹುಪಾಲು ಒಣ. ವಾರಕ್ಕೊಮ್ಮೆ ಹೊರಬರುವ ಹಳೆಯ ಕಾರಿನ ವೈಪರ್ ಆ ನಾಲ್ಕು ತಿಂಗಳು ಅಲ್ಲಾಡುವುದೇ ಇಲ್ಲ. ಮೋಟಾರಿನ ಗೇರ್‌ಪೆಟ್ಟಿಗೆಯ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ, ಗಾಜಿನ ಬುಡದಲ್ಲಿ ಕಡ್ಡಿಗಳ ಅಚ್ಚು ಹಾದುಬರುವ ಬುಷ್ ಧೂಳು ತುಂಬಿ ಒಣಗಿರುತ್ತದೆ, ರಬ್ಬರ್ ಬಿಸಿಲಿಗೆ ಸೆಟೆದಿರುತ್ತದೆ. ಏಪ್ರಿಲ್ ಸಂಜೆ ಮಾವಿನ ಮಳೆಯ ಮೊದಲ ನಾಲ್ಕು ಹನಿ ಬಿದ್ದಾಗ ಗಾಜಿನ ಮೇಲೆ ಇರುವುದು ನೀರಲ್ಲ, ಕೆಸರು. ಆ ಕ್ಷಣದಲ್ಲಿ ನಾಬ್ ಎಳೆದರೆ ಮೋಟಾರು ವರ್ಷದ ಅತಿ ದೊಡ್ಡ ಹೊರೆಯನ್ನು ಎಳೆಯುತ್ತದೆ, ಅದೂ ನಾಲ್ಕು ತಿಂಗಳು ಮುಟ್ಟದೆ ಮಬ್ಬು ಹಿಡಿದ ಕಾಂಟ್ಯಾಕ್ಟ್ ಮೂಲಕ. ವೈಪರ್ ಸ್ವಿಚ್ಚಿಗೆ ಸೆಪ್ಟೆಂಬರಿನ ಜಡಿಮಳೆಗಿಂತ ಏಪ್ರಿಲಿನ ತುಂತುರು ಹೆಚ್ಚು ಅಪಾಯ ಎಂದು ಹೇಳುವುದು ಈ ಕಾರಣಕ್ಕೆ. ತುಮಕೂರು ರಸ್ತೆಯ ಲಾರಿ ಧೂಳು, ವೈಟ್‌ಫೀಲ್ಡಿನ ಕಟ್ಟಡ ಕಾಮಗಾರಿಯ ಸಿಮೆಂಟ್ ಪುಡಿ ಇದಕ್ಕೆ ಒಗ್ಗರಣೆ.

ಅರ್ಥಿಂಗ್‌ನ ವಿಷಯ ಬೇರೆ. ಅದು ಸ್ವಿಚ್ಚನ್ನು ಸುಡುವುದಿಲ್ಲ, ಸ್ವಿಚ್ಚಿನ ಹೆಸರು ಕೆಡಿಸುತ್ತದೆ. ಕರೆಂಟ್ ಹಿಂದಿರುಗುವ ದಾರಿಯಲ್ಲಿ ತುಕ್ಕು ಇದ್ದರೆ ವೈಪರ್ ಸುಸ್ತಾಗಿ ಓಡುತ್ತದೆ, ಹೆಡ್‌ಲೈಟ್ ಹಾಕಿದೊಡನೆ ಇನ್ನೂ ನಿಧಾನವಾಗುತ್ತದೆ. ಲಕ್ಷಣ ಮಾತ್ರ ಸುಟ್ಟ ಸ್ವಿಚ್ಚಿನದೇ. ಬೆಂಗಳೂರಿನಲ್ಲೇ ಹುಟ್ಟಿದ ಎರಡು ಕಾರುಗಳಲ್ಲಿ ಇದು ಹೆಚ್ಚು ಗಮನ ಬೇಡುತ್ತದೆ. ಮೂರು ಚಕ್ರದ ಬಾದಲ್‌ನಿಂದ ಆರಂಭಿಸಿದ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಂದ ಡಾಲ್ಫಿನ್, ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರಿನ ರೂಪಾಂತರ: 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಉಕ್ಕಿನ ಚಾಸಿಯ ಮೇಲೆ ಫೈಬರ್ ಗ್ಲಾಸ್ ಬಾಡಿ. ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಬೊಮ್ಮಸಂದ್ರದಿಂದ 2001ರಲ್ಲಿ ಹೊರಬಂದ ವಿದ್ಯುತ್ ಕಾರು ರೇವಾ, ಉಕ್ಕಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ತೊಡಿಸಿದ್ದು. ತಗಡಿನ ಕಾರಿನಲ್ಲಿ ಬಾಡಿಯೇ ಹಿಂದಿರುಗುವ ತಂತಿ. ಫೈಬರಿಗಾಗಲಿ ಪ್ಲಾಸ್ಟಿಕ್ಕಿಗಾಗಲಿ ಆ ಗುಣವಿಲ್ಲ. ಪ್ರತಿ ದೀಪಕ್ಕೂ ಮೋಟಾರಿಗೂ ಚಾಸಿಯವರೆಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯಬೇಕು, ಅದರ ತುದಿಯ ಬೋಲ್ಟು ಚಕ್ರದ ಕೆಸರಿಗೆ ಹತ್ತಿರದಲ್ಲಿರುತ್ತದೆ. ರೇವಾದಲ್ಲಿ ಇನ್ನೊಂದು ಮೆಟ್ಟಿಲಿದೆ: ಮುಖ್ಯ ಬ್ಯಾಟರಿ 48 ವೋಲ್ಟ್, ವೈಪರ್ ಮುಂತಾದ 12 ವೋಲ್ಟ್ ಉಪಕರಣಗಳಿಗೆ ಕನ್ವರ್ಟರ್‌ನಿಂದ ಕರೆಂಟ್ ಬರಬೇಕು. ಇಂಥ ಕಾರುಗಳಲ್ಲಿ ವೈಪರ್ ನಿಂತಾಗ ಸ್ವಿಚ್ಚಿಗೆ ಸ್ಕ್ರೂಡ್ರೈವರ್ ಹಾಕುವ ಮೊದಲು ಮೋಟಾರಿನಿಂದ ಚಾಸಿಗೆ ಒಂದು ತಾತ್ಕಾಲಿಕ ವೈರ್ ಕೊಟ್ಟು ನೋಡುವುದು ಐದು ನಿಮಿಷದ ಕೆಲಸ.

ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡುವುದಕ್ಕೆ ಮಲ್ಟಿಮೀಟರ್ ಸಾಕು, ಆದರೆ ಅದನ್ನು ಬಳಸುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಸ್ವಿಚ್ಚನ್ನು ಬಿಚ್ಚಿ ಮೇಜಿನ ಮೇಲಿಟ್ಟು ‘ಬೀಪ್ ಬರುತ್ತಿದೆ, ಸರಿಯಿದೆ’ ಎನ್ನುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಮೀಟರ್ ಕಳಿಸುವ ಅತ್ಯಲ್ಪ ಕರೆಂಟಿಗೆ ಸುಟ್ಟ ಕಾಂಟ್ಯಾಕ್ಟೂ ದಾರಿ ಬಿಡುತ್ತದೆ. ಪರೀಕ್ಷೆ ಹೊರೆಯಿರುವಾಗಲೇ ನಡೆಯಬೇಕು. ಗಾಜು ಒದ್ದೆ ಮಾಡಿ ವೈಪರ್ ಓಡಿಸುತ್ತ, ಸ್ವಿಚ್ಚಿನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆದರೆ 0.2 ವೋಲ್ಟ್‌ಗಿಂತ ಕಡಿಮೆ ಬರಬೇಕು. ಮೋಟಾರಿನ ಅರ್ಥ್ ತುದಿಗೂ ಬ್ಯಾಟರಿಯ ಅರ್ಥ್ ತುದಿಗೂ ನಡುವೆ ಅಳೆದರೂ ಅಷ್ಟೇ. ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ರೋಗ. ಎರಡೂ ಕಡೆ ಸರಿಯಿದ್ದು ವೈಪರ್ ಮಾತ್ರ ನಿಧಾನವಾಗಿದ್ದರೆ ಮೋಟಾರಿನಿಂದ ತೋಳನ್ನು ಬಿಡಿಸಿ ಕೈಯಿಂದ ಅಲ್ಲಾಡಿಸಿ ನೋಡಬೇಕು. ಬೆರಳ ಬಲಕ್ಕೆ ಸಲೀಸಾಗಿ ಹೊರಳದ ತೋಳನ್ನು ಮೋಟಾರಿಗೆ ಕಟ್ಟುವುದು ಹೊಸ ಸ್ವಿಚ್ಚನ್ನೂ ಸುಡುವ ಏರ್ಪಾಟು. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. 1960ರ ದಶಕದ ಮಧ್ಯದವರೆಗಿನ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುತ್ತಿದ್ದುದು ಪಾಸಿಟಿವ್ ತುದಿ.

ಇಷ್ಟೆಲ್ಲ ಆದ ಮೇಲೂ ಸ್ವಿಚ್ಚೇ ತಪ್ಪಿತಸ್ಥ ಎಂದು ಗೊತ್ತಾದರೆ ಬಿಚ್ಚುವ ಕೆಲಸ. ಬ್ಯಾಟರಿಯ ಕನೆಕ್ಷನ್ ತೆಗೆದು, ಪ್ರತಿ ವೈರ್ ಯಾವ ತುದಿಗೆ ಎಂದು ಫೋಟೊ ತೆಗೆದು, ಚೀಟಿ ಕಟ್ಟಿಕೊಳ್ಳಬೇಕು; ಐವತ್ತು ವರ್ಷದ ವೈರಿನ ಬಣ್ಣಗಳು ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಸ್ವಿಚ್ಚಿನ ತಗಡಿನ ಕವಚವನ್ನು ಹಲಗೆಗೆ ಹಿಡಿದಿರುವುದು ಮಡಿಸಿದ ನಾಲ್ಕು ಪುಟ್ಟ ಕಿವಿಗಳು. ಅವುಗಳನ್ನು ಒಮ್ಮೆ ಬಿಡಿಸಿ ಒಮ್ಮೆ ಮಡಿಸಬಹುದು, ಮೂರನೆಯ ಸಲಕ್ಕೆ ಮುರಿಯುತ್ತವೆ. ಬಿಡಿಸುವಾಗ ಇಡೀ ಸ್ವಿಚ್ಚನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟುಕೊಂಡೇ ಕೆಲಸ ಮಾಡುವುದು ಕ್ಷೇಮ, ಏಕೆಂದರೆ ಒಳಗಿನ ಸ್ಪ್ರಿಂಗ್ ಆ ಉಕ್ಕಿನ ಗುಂಡನ್ನು ಎಲ್ಲಿಗೆ ಹಾರಿಸುತ್ತದೋ ಹೇಳಬರುವುದಿಲ್ಲ. ಒಳಗೆ ಕಾಣುವುದು ಕಪ್ಪಾದ ಗ್ರೀಸ್ ಮತ್ತು ತಾಮ್ರದ ಪುಡಿ ಬೆರೆತ ಮಸಿ. ಈ ಮಸಿ ಕಾಂಟ್ಯಾಕ್ಟ್‌ಗಳ ನಡುವಿನ ಹಲಗೆಯ ಮೇಲೂ ಹರಡಿ ಅಡ್ಡದಾರಿ ಮಾಡಿರುವುದುಂಟು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು ಒಣಗಿಸಬೇಕು. ಅರವನ್ನು ಕೈಗೆತ್ತಿಕೊಳ್ಳಲೇಬಾರದು: ಕಾಂಟ್ಯಾಕ್ಟ್‌ನ ತುದಿಯಲ್ಲಿ ಬೆಳ್ಳಿಯ ಪದರವಿದ್ದರೆ ಅದು ಅರದ ಎರಡು ಎಳೆತಕ್ಕೆ ಹೋಗುತ್ತದೆ, ಆಮೇಲೆ ಉಳಿಯುವುದು ಬರಿ ಹಿತ್ತಾಳೆ. 1200 ನಂಬರಿನ ಉಪ್ಪುಕಾಗದದಿಂದ ಮೃದುವಾಗಿ ಉಜ್ಜಿ, ಕುಳಿ ಬಿದ್ದ ಜಾರುತಗಡನ್ನು ಎರಡೂ ಬದಿ ಒಂದೇ ರೀತಿಯಿದ್ದರೆ ಮಗುಚಿ ಹಾಕಬಹುದು. ಸಡಿಲಾದ ರಿವಿಟ್‌ಗಳನ್ನು ಹೊಡೆದು ಬಿಗಿ ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎಷ್ಟೋ ಸ್ವಿಚ್ಚುಗಳಲ್ಲಿ ರೋಧ ಇರುವುದು ಕಾಂಟ್ಯಾಕ್ಟ್‌ನಲ್ಲಲ್ಲ, ಹೊರಗಿನ ತುದಿಯನ್ನು ಒಳಗಿನ ಕಾಂಟ್ಯಾಕ್ಟ್‌ಗೆ ಜೋಡಿಸುವ ರಿವಿಟ್‌ನಲ್ಲಿ. ಬೇಕಲೈಟ್ ಹಲಗೆಯಲ್ಲಿ ಸುತ್ತಿಗೆಯ ಪೆಟ್ಟು ಜೋರಾದರೆ ಬಿರುಕು ಬಿಡುತ್ತದೆ, ಆದ್ದರಿಂದ ಕೆಲವರು ರಿವಿಟ್‌ನ ತಲೆಗೆ ಸೋಲ್ಡರ್ ಹರಿಸಿ ಮುಗಿಸುತ್ತಾರೆ. ಇಲ್ಲಿ ಸೋಲ್ಡರ್ ತಪ್ಪಲ್ಲ, ಬಿಸಿ ಕೊಡುವುದು ಚುಟುಕಾಗಿರಬೇಕು. ಗ್ರೀಸ್ ತೆಳುವಾದ ಒಂದು ಲೇಪ ಸಾಕು.

ಸ್ಪ್ರಿಂಗ್ ಸತ್ತಿದ್ದರೆ, ತಗಡು ತೂತಾಗಿದ್ದರೆ ಪೀಣ್ಯದ ಕಡೆ ನೋಡಬೇಕು. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಲೇತ್, ವೈರ್ ಕಟ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್ ಎಲ್ಲ ಒಂದೇ ಪ್ರದೇಶದಲ್ಲಿ. ಫಾಸ್ಫರ್ ಬ್ರಾಂಜ್ ತಗಡಿನಿಂದ ಎಲೆ ಸ್ಪ್ರಿಂಗನ್ನು ವೈರ್ ಕಟ್‌ನಲ್ಲಿ ತೆಗೆಯಲು ಡೈ ಬೇಕಿಲ್ಲ, ಒಂದು ಡ್ರಾಯಿಂಗ್ ಸಾಕು. ಕಾಂಟ್ಯಾಕ್ಟ್ ಪಿನ್ನುಗಳು ಲೇತ್‌ನ ಮಟ್ಟಿಗೆ ಕ್ಷುಲ್ಲಕ ಕೆಲಸ. ನಾಬ್‌ನ ಸುತ್ತಲಿನ ಮೆರುಗು ಹೋದ ಬಳೆಗೆ ನಿಕ್ಕಲ್ ಕ್ರೋಮ್ ಕೊಡುವವರೂ ಇದ್ದಾರೆ. ಆದರೆ ತಂತ್ರವಿದೆ ಎಂದ ಮಾತ್ರಕ್ಕೆ ಕೆಲಸ ಆಗುತ್ತದೆ ಎಂದಲ್ಲ. ಜಾಬ್ ವರ್ಕ್ ಅಂಗಡಿಯ ಲೆಕ್ಕಾಚಾರ ನಿಂತಿರುವುದು ಸಾವಿರ ಪೀಸಿನ ಮೇಲೆ. ಒಂದು ಪೀಸಿಗೆ ಮಷಿನ್ ಸೆಟ್ಟಿಂಗ್ ಮಾಡುವ ಹೊತ್ತಿನಲ್ಲಿ ಬೇರೆಯವರ ನೂರು ಪೀಸು ಇಳಿಯುತ್ತದೆ. ಬೇಕಲೈಟ್ ಹಲಗೆಯಂಥದ್ದಕ್ಕೆ ಮೋಲ್ಡ್ ಮಾಡಿಸುವ ಖರ್ಚನ್ನು ಒಂದು ಸ್ವಿಚ್ಚಿನ ಮೇಲೆ ಹಾಕುವುದಂತೂ ಅಸಾಧ್ಯ. ಇದಕ್ಕೆ ಉತ್ತರ, ಒಬ್ಬೊಬ್ಬ ಮಾಲೀಕ ಒಂದೊಂದು ಸ್ವಿಚ್ಚು ಹಿಡಿದು ಅಲೆಯುವ ಬದಲು ಒಂದೇ ಮಾದರಿಯ ಕಾರಿನವರು ಸೇರಿ ಮೂವತ್ತು ನಲವತ್ತು ತಗಡುಗಳನ್ನು ಒಟ್ಟಿಗೆ ಮಾಡಿಸುವುದು. ಪೀಣ್ಯದಲ್ಲೇ ಇರುವ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್, ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಂಥ ಕಡೆ ಅಳತೆ ತೆಗೆದು ಡ್ರಾಯಿಂಗ್ ಮಾಡುವುದು ಕಲಿಯುವ ಹುಡುಗರಿಗೆ ಒಳ್ಳೆಯ ಪಾಠವೂ ಆದೀತು. ತ್ರೀಡಿ ಪ್ರಿಂಟಿಂಗ್ ಬಗ್ಗೆ ಈಚೆಗೆ ಬಹಳ ಉತ್ಸಾಹವಿದೆ. ನಾಬ್‌ಗೆ ಅದು ಸೈ. ಕಾಂಟ್ಯಾಕ್ಟ್ ಹಿಡಿಯುವ ಹಲಗೆಗೆ ಬೇಡ: ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಹಿಂದೆ ಬೀಳುವುದಿಲ್ಲ.

ಇಷ್ಟು ತಾಪತ್ರಯ ಏಕೆ, ಜೆ.ಸಿ. ರಸ್ತೆಯಲ್ಲಿ ಹೊಸ ಸ್ವಿಚ್ಚು ಅಗ್ಗಕ್ಕೆ ಸಿಗುತ್ತದಲ್ಲ ಎಂಬುದು ನ್ಯಾಯವಾದ ಆಕ್ಷೇಪ. ಅಂಬಾಸಿಡರ್, ಪದ್ಮಿನಿಗಳಿಗೆ ಇದು ಇವತ್ತಿಗೂ ಬಹುಮಟ್ಟಿಗೆ ನಿಜ, ದಿನಾ ಓಡಿಸುವ ಕಾರಿಗೆ ಹೊಸದನ್ನು ಹಾಕುವುದೇ ಸರಿ. ಆದರೆ ಆ ಮಾತು ಮೇಲಿನ ವಾದವನ್ನು ಮುರಿಯುವುದಿಲ್ಲ: ಹೊರೆ ಇಳಿಸದೆ ಹಾಕಿದ ಹೊಸ ಸ್ವಿಚ್ಚು ಹಳೆಯದರ ಹಾದಿಯನ್ನೇ ಹಿಡಿಯುತ್ತದೆ, ಡುಪ್ಲಿಕೇಟ್ ಆದರೆ ಇನ್ನೂ ಬೇಗ. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಿನಲ್ಲಿದ್ದರೆ ಒಳ್ಳೆಯದು; ವೈರ್ ಸಿಕ್ಕಿಸುವ ತುದಿಗಳು ಅಯಸ್ಕಾಂತಕ್ಕೆ ಅಂಟಿದರೆ ಅವು ಹಿತ್ತಾಳೆಯಲ್ಲ, ಮೇಲೆ ಲೇಪ ಕೊಟ್ಟ ಕಬ್ಬಿಣ. ಕಡಿಮೆ ಸಂಖ್ಯೆಯಲ್ಲಿ ಬಂದುಹೋದ ಡಾಲ್ಫಿನ್, ಹೆರಾಲ್ಡ್‌ಗಳಿಗೆ ಅಂಗಡಿಯ ಭರವಸೆ ಇಲ್ಲ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ ಹಳೆಯ ಸ್ವಿಚ್ಚನ್ನು ಹಾಕಿದರೆ ಒಂದು ಸುಟ್ಟ ಸ್ವಿಚ್ಚಿನ ಬದಲು ಅರ್ಧ ಸುಟ್ಟ ಇನ್ನೊಂದನ್ನು ಹಾಕಿದಂತೆ. ಬಿಡಿಭಾಗ ಕೀಳಲು ಅದು ಯೋಗ್ಯ.

ಹೊರೆ ಇಳಿಸುವ ಖಾಯಂ ಉಪಾಯ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸಾಧನ. ಸಾಮಾನ್ಯ 12 ವೋಲ್ಟ್ ಕಾರ್ ರಿಲೇಯ ಸುರುಳಿ ಎಳೆಯುವುದು 0.15 ಆಂಪಿಯರ್ ಆಸುಪಾಸು. ಮೋಟಾರಿನ ನಾಲ್ಕು ಆಂಪಿಯರ್ ರಿಲೇ ಮೂಲಕ ಹರಿದು, ಹಳೆಯ ಸ್ವಿಚ್ಚಿಗೆ ಈ ಅಲ್ಪ ಕರೆಂಟ್ ಮಾತ್ರ ಉಳಿದರೆ ಅದರ ಕಾಂಟ್ಯಾಕ್ಟ್ ಸುಡುವ ಪ್ರಶ್ನೆಯೇ ಏಳದು. ಇದಕ್ಕೆ ಎರಡು ಕಡೆಯಿಂದ ವಿರೋಧ ಬರುತ್ತದೆ. ಒಂದು, ಒರಿಜಿನಲ್ ಕೆಟ್ಟಿತು ಎಂಬುದು. ಐವತ್ತು ವರ್ಷ ದಾಟಿದ ವಾಹನಗಳ ನೋಂದಣಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮಗಳು ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎನ್ನುತ್ತವೆ. ಬಾನೆಟ್ಟಿನ ಕೆಳಗೆ ಅಡಗಿಸಿಟ್ಟ, ಎರಡು ಸ್ಕ್ರೂ ಬಿಚ್ಚಿದರೆ ಕಳಚಿಬರುವ ರಿಲೇ ಆ ಮಾತಿನ ವ್ಯಾಪ್ತಿಗೆ ಬರುವಂಥದ್ದಲ್ಲ. ಅಲ್ಲದೆ ಅದು ಕಾಪಾಡುವುದು ಒರಿಜಿನಲ್ ಸ್ವಿಚ್ಚನ್ನೇ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹದಲ್ಲಿರುವಂಥ, ಮಳೆಗೆ ಹೋಗದ ಕಾರಿಗೆ ಇದೊಂದೂ ಬೇಡ, ಸ್ವಿಚ್ಚನ್ನು ಮುಟ್ಟದೆ ಬಿಡುವುದೇ ಮೇಲು. ರಸ್ತೆಗಿಳಿಯುವ ಕಾರಿಗೆ ಕೆಲಸ ಮಾಡುವ ವೈಪರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಎರಡನೆಯ ವಿರೋಧ ತಾಂತ್ರಿಕ, ಅದು ಹೆಚ್ಚು ತೂಕದ್ದು. ಆಂಪಿಯರ್‌ಗಳಿಗಾಗಿ ಮಾಡಿದ ಕಾಂಟ್ಯಾಕ್ಟ್‌ಗೆ ಅಲ್ಪ ಕರೆಂಟ್ ಕೊಟ್ಟರೆ ಅದರ ಮೇಲಿನ ತೆಳು ಮಬ್ಬನ್ನು ಸುಟ್ಟು ತೆಗೆಯುವ ಕಿಡಿಯೇ ಇರುವುದಿಲ್ಲ, ಕ್ರಮೇಣ ಸಂಪರ್ಕ ತಪ್ಪುತ್ತದೆ. ನಿಜ. ಆದರೆ ಜಾರುವ ಕಾಂಟ್ಯಾಕ್ಟ್ ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ, ಬಿಸಿಲುಗಾಲದಲ್ಲೂ ತಿಂಗಳಿಗೊಮ್ಮೆ ಗಾಜು ಒದ್ದೆ ಮಾಡಿ ವೈಪರ್ ಓಡಿಸಿದರೆ ಈ ಭಯ ಬಹುಮಟ್ಟಿಗೆ ಹೋಗುತ್ತದೆ. ಪಾರ್ಕಿಂಗ್ ವ್ಯವಸ್ಥೆಯನ್ನು ಮರೆತು ರಿಲೇ ಹಾಕಿದರೆ ಮಾತ್ರ ಕೆಲಸ ಕೆಡುತ್ತದೆ. ಶಾಶ್ವತ ಅಯಸ್ಕಾಂತದ ಮೋಟಾರುಗಳಲ್ಲಿ, ಕಡ್ಡಿ ಬುಡಕ್ಕೆ ಬಂದೊಡನೆ ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿ ಬ್ರೇಕ್ ಹಾಕುವ ಏರ್ಪಾಟಿರುತ್ತದೆ. ಅಂಥಲ್ಲಿ ನಾಲ್ಕು ಪಿನ್ನಿನ ರಿಲೇ ಸಾಲದು. ಐದು ಪಿನ್ನಿನದನ್ನು ತಂದು, ಸುಮ್ಮನಿದ್ದಾಗ ಸೇರಿರುವ 87ಎ ಪಿನ್ನಿಗೆ ಪಾರ್ಕಿಂಗ್ ವೈರ್ ಕೊಡಬೇಕು. ಎರಡು ವೇಗಕ್ಕೆ ಎರಡು ರಿಲೇ. ಸುರುಳಿಗೆ ಅಡ್ಡಲಾಗಿ ಡಯೋಡ್ ಹಾಕುವವರು ಪಾಸಿಟಿವ್ ಬಾಡಿಗೆ ಸೇರಿದ ಕಾರಿನಲ್ಲಿ ಅದರ ದಿಕ್ಕನ್ನು ಎರಡು ಸಲ ನೋಡಬೇಕು. ಜೊತೆಗೆ ವೈಪರ್‌ಗೆಂದೇ ಪ್ರತ್ಯೇಕವಾಗಿ 10 ಆಂಪಿಯರ್ ಆಸುಪಾಸಿನ ಫ್ಯೂಸ್ ಕೊಟ್ಟರೆ ಆ 35 ಆಂಪಿಯರ್‌ನ ಅಸಡ್ಡೆಗೂ ಮದ್ದಾಗುತ್ತದೆ.

ಸ್ವಿಚ್ಚನ್ನು ಕೆಡಿಸುವುದು ಹೊರೆಯೇ ಎಂಬ ವಾದಕ್ಕೆ ಬಲವಾದ ಸಾಕ್ಷಿ ಹೊಸ ಕಾರುಗಳೇ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇವತ್ತು ಬಾಷ್‌ನ ಸಾಫ್ಟ್‌ವೇರ್ ಕಚೇರಿ ಇದೆ. 1996ರಲ್ಲಿ ಬೆಂಗಳೂರಿಗೆ ಬಂದ ಮರ್ಸಿಡಿಸ್ ಸಂಶೋಧನಾ ಕೇಂದ್ರ ವೈಟ್‌ಫೀಲ್ಡ್ ಭಾಗದಲ್ಲಿದೆ. ಇಂಥ ಕಡೆ ಎಂಜಿನಿಯರುಗಳು ಕೆಲಸ ಮಾಡುವ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕದ ವೈಪರ್ ಸ್ವಿಚ್ಚು ಒತ್ತಿದರೆ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ, ಒಂದು ಸಂದೇಶ ಹೋಗುತ್ತದೆ. ಬಾಷ್ 1986ರಲ್ಲಿ ಪರಿಚಯಿಸಿದ ಕ್ಯಾನ್ ಜಾಲದ ಮೂಲಕವೋ ಅದರ ಅಗ್ಗದ ತಮ್ಮನಾದ ಲಿನ್ ಮೂಲಕವೋ ಕಂಟ್ರೋಲ್ ಯೂನಿಟ್‌ಗೆ ವಿಷಯ ಮುಟ್ಟಿ, ಅದು ಮೋಟಾರನ್ನು ಓಡಿಸುತ್ತದೆ. ಕಡ್ಡಿ ಸಿಕ್ಕಿಕೊಂಡರೆ ಕರೆಂಟ್ ಏರಿದ್ದನ್ನು ಗಮನಿಸಿ ತಾನೇ ನಿಲ್ಲಿಸುತ್ತದೆ. ಸ್ವಿಚ್ಚಿನಿಂದ ಹೊರೆ ತೆಗೆ, ಮೋಟಾರು ಸಿಕ್ಕಿಕೊಂಡದ್ದನ್ನು ಗುರುತಿಸು: ವಿನ್ಯಾಸಕಾರರು ಕಂಡುಕೊಂಡ ಈ ಎರಡೂ ಪಾಠಗಳನ್ನೇ ಹಳೆಯ ಕಾರಿನಲ್ಲಿ ರಿಲೇ ಮತ್ತು ಸರಿಯಾದ ಫ್ಯೂಸ್ ಒರಟಾಗಿ ಪಾಲಿಸುತ್ತವೆ. ಹಾಗಿದ್ದರೆ ಹೊಸ ಕಾರಿನ ಮೋಟಾರು, ಕಂಟ್ರೋಲರನ್ನೇ ಹಳೆಯದಕ್ಕೆ ಕೂರಿಸಬಾರದೇಕೆ? ಕೂರಿಸಿದವರಿದ್ದಾರೆ. ತೋಳಿನ ಹಲ್ಲು, ಒರೆಸುವ ಕೋನ, ಮಲಗುವ ಜಾಗ ಮೂರನ್ನೂ ಹೊಂದಿಸಲು ತಗಡು ಕತ್ತರಿಸಬೇಕಾಗುತ್ತದೆ, ಕತ್ತರಿಸಿದ್ದನ್ನು ಹಿಂದಕ್ಕೆ ತರಲಾಗದು. ಎಲೆಕ್ಟ್ರಾನಿಕ್ ಬೋರ್ಡಿಗೆ ಇಪ್ಪತ್ತು ವರ್ಷದ ನಂತರ ಅದೇ ಚಿಪ್ ಸಿಗುವ ಖಾತರಿಯಿಲ್ಲ. ಫಾಸ್ಫರ್ ಬ್ರಾಂಜ್ ತಗಡು ಆಗಲೂ ಸಿಗುತ್ತದೆ.

ದುರಸ್ತಿಗೆ ಒಗ್ಗದ ಸ್ವಿಚ್ಚುಗಳೂ ಇವೆ. 1980ರ ದಶಕದಿಂದ ಬಂದ, ಇಂಡಿಕೇಟರ್, ಹೆಡ್‌ಲೈಟ್, ವೈಪರ್ ಮೂರನ್ನೂ ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಕಟ್ಟಿದ ಸ್ಟೀರಿಂಗ್ ಕಂಬದ ಸ್ವಿಚ್ಚುಗಳಲ್ಲಿ ಕಾಂಟ್ಯಾಕ್ಟನ್ನು ಹಿಡಿದಿರುವುದು ಶಾಖದಿಂದ ಕರಗಿಸಿ ಮೊಂಡು ಮಾಡಿದ ಪ್ಲಾಸ್ಟಿಕ್ ಮೊಳೆಗಳು. ಒಮ್ಮೆ ಬಿಸಿಗೆ ಅವು ಹಿಗ್ಗಿದರೆ ಕಾಂಟ್ಯಾಕ್ಟ್ ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ, ಎಪಾಕ್ಸಿ ಹಾಕಿ ನಿಲ್ಲಿಸಿದ್ದು ಹೆಚ್ಚು ದಿನ ಬಾಳುವುದಿಲ್ಲ. ಒಂದು ಭಾಗ ಕೆಟ್ಟರೆ ಇಡೀ ಕಂಬದ ಸ್ವಿಚ್ಚನ್ನೇ ಬದಲಿಸುವುದು ಅಲ್ಲಿ ಅನಿವಾರ್ಯ. ಮಾರುತಿ 800ರ ಮೊದಲ ಪೀಳಿಗೆಯ ಕಾರುಗಳಿಗೆ ಈಗ ಸುಮಾರು ನಲವತ್ತು ವರ್ಷ. ಅವುಗಳನ್ನು ಜೋಪಾನ ಮಾಡುವವರಿಗೆ ಈ ಸ್ವಿಚ್ಚು ಅಂಬಾಸಿಡರಿನದಕ್ಕಿಂತ ಕಠಿಣ ಸಮಸ್ಯೆಯಾಗಲಿದೆ, ಆದ್ದರಿಂದ ಅಂಥ ಕಾರಿಗೆ ರಿಲೇ ಹಾಕುವುದಿದ್ದರೆ ಸ್ವಿಚ್ಚು ಇನ್ನೂ ಚೆನ್ನಾಗಿರುವಾಗಲೇ ಹಾಕಬೇಕು.